ಡ್ಯಾಮಿಗೆ ರಜ

ಅಣೆಕಟ್ಟಿಗೂ ರಜ ಕೊಡುತ್ತಾರೆ ಎಂದು ಈ ಭೂಮಿಯ ಮೇಲೆ ಮೊಟ್ಟಮೊದಲು ಹೇಳಿದವನು ಬಹುಶಃ ನಾನೇ. ಹೆಮ್ಮೆಯಿಂದ ಹೇಳಿಕೊಳ್ಳುತ್ತಿಲ್ಲ. ಇಷ್ಟು ದಿನವಾದರೂ ನಮ್ಮ ಬೀದಿಯಲ್ಲಿ ಯಾರಾದರೂ ‘ಡ್ಯಾಮು’ ಎಂದರೆ ನನ್ನ ಕಿವಿ ಬಿಸಿಯಾಗುತ್ತದೆ. ಪೇಪರಿನಲ್ಲಿ ಕೃಷ್ಣಗಿರಿ ಡ್ಯಾಮಿನ ನೀರಿನ ಮಟ್ಟ ಹಾಕಿದ್ದರೆ ಆ ಪುಟವನ್ನು ಮಡಿಸಿ ಪಕ್ಕಕ್ಕಿಡುತ್ತೇನೆ. ನಲವತ್ತರ ಹತ್ತಿರ ಬಂದ ಗಂಡಸು, ಎರಡು ಮಕ್ಕಳ ತಂದೆ, ನಿಂತ ನೀರಿಗೆ ಹೀಗೆ ಹೆದರುವುದುಂಟೇ ಎಂದು ನೀವು ಕೇಳಬಹುದು. ಕೇಳಿ. ಹೇಳುವುದಕ್ಕೇ ಕೂತಿದ್ದೇನೆ.

ನಾವಿರುವುದು ಗಡಿಯಾಚೆ, ತಮಿಳುನಾಡಿನ ಹೊಸೂರಿಗೆ ಅಂಟಿಕೊಂಡಿರುವ ಮತ್ತಿಗಿರಿಯಲ್ಲಿ. ನಾನು ಒಂದು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಮಾಡುತ್ತೇನೆ. ಮಿಷನ್ನಿನಿಂದ ಬಂದ ಕಬ್ಬಿಣದ ಭಾಗಗಳನ್ನು ಅಳೆದು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆಸೆಯುವುದು ನನ್ನ ಹೊಟ್ಟೆಪಾಡು. ಹೀಗಾಗಿ ಬೀದಿಯಲ್ಲಿ ನನಗೊಂದು ಹೆಸರಿದೆ. ‘ಮುನಿರಾಜು ಅಳೆದು ತೂಗಿ ಮಾತಾಡೋ ಮನುಷ್ಯ’ ಅನ್ನುತ್ತಾರೆ. ಅಳೆಯುವುದು ಕಬ್ಬಿಣವನ್ನು ಮಾತ್ರ ಎಂಬುದು ನನ್ನ ಹೆಂಡತಿ ಮಂಜುಳಗೆ ಗೊತ್ತು. ಅವಳು ನನ್ನ ಸೋದರತ್ತೆಯ ಮಗಳು. ಚಿಕ್ಕಂದಿನಿಂದ ನನ್ನನ್ನು ‘ಬಾವ’ ಎಂದೂ ‘ನೀನು’ ಎಂದೂ ಕರೆದು ಬೆಳೆದವಳು. ಅವಳ ಬಾಯಲ್ಲಿ ‘ನೀವು’ ಬಂದರೆ ಅದು ಗೌರವವಲ್ಲ, ಕೋಪ. ಕನ್ನಡದ ಬಹುವಚನಕ್ಕೆ ಇಂಥದೊಂದು ಉಪಯೋಗವಿದೆ ಎಂದು ಯಾವ ವ್ಯಾಕರಣದ ಮೇಷ್ಟ್ರೂ ನನಗೆ ಹೇಳಿಕೊಟ್ಟಿರಲಿಲ್ಲ. ಮದುವೆ ಹೇಳಿಕೊಟ್ಟಿತು.

ಮಗಳು ದರ್ಶಿನಿ ಮೂರನೇ ಕ್ಲಾಸು. ಮಗನಿಗೆ ನಾಲ್ಕು ವರ್ಷ, ಹೆಸರು ಬೇರೆ ಇದ್ದರೂ ಎಲ್ಲರಿಗೂ ಗುಂಡ. ಪಕ್ಕದ ಮನೆಯ ಸೆಲ್ವಂ ನನ್ನಂತೆಯೇ ಶಿಫ್ಟಿನ ಮನುಷ್ಯ, ಬೇರೆ ಕಾರ್ಖಾನೆ. ಧರ್ಮಪುರಿ ಕಡೆಯವರು. ಗಂಡ ಹೆಂಡತಿ ಮನೆಯೊಳಗೆ ತಮಿಳು, ಗೇಟಿನಾಚೆ ನಮ್ಮ ಜೊತೆ ಕನ್ನಡ. ಅವನ ಹೆಂಡತಿ ವಸಂತಿ, ಮಗಳು ಕಾವ್ಯ. ಕಾವ್ಯ ಮತ್ತು ದರ್ಶಿನಿ ಒಂದೇ ಕ್ಲಾಸು, ಒಂದೇ ಬೆಂಚು. ಜಗಳವಾಡಿದಾಗ ಮಾತ್ರ ಅವರು ಇಬ್ಬರು, ಉಳಿದಂತೆ ಒಬ್ಬರೇ.

ಡಿಸೆಂಬರ್ ಬಂತೆಂದರೆ ನಮ್ಮ ಕಡೆ ಚಳಿ ಬೆಳಗ್ಗೆ ಎಂಟು ಗಂಟೆಯವರೆಗೂ ಬಾಗಿಲ ಬಳಿಯೇ ನಿಂತಿರುತ್ತದೆ. ಮಂಜಿನಲ್ಲಿ ಎದುರು ಮನೆ ಕಾಣುವುದಿಲ್ಲ, ಎದುರು ಮನೆಯವರ ಕೆಮ್ಮು ಮಾತ್ರ ಕೇಳಿಸುತ್ತದೆ. ಮಕ್ಕಳು ಸ್ನಾನಕ್ಕೆ ಹೋಗಲು ಹತ್ತು ನೆಪ, ಒಳಗೆ ಹೋದ ಮೇಲೆ ಬಿಸಿನೀರು ಬಿಟ್ಟು ಬರಲು ಇಪ್ಪತ್ತು ನೆಪ. ಇದರ ಮಧ್ಯೆ ಅರ್ಧವಾರ್ಷಿಕ ಪರೀಕ್ಷೆ. ಇಲ್ಲಿನ ಶಾಲೆಗಳಲ್ಲಿ ಅದಕ್ಕೆ ಅರೆಯಾಂಡು ಎನ್ನುತ್ತಾರೆ. ಪರೀಕ್ಷೆ ಮುಗಿದರೆ ಹೊಸ ವರ್ಷದವರೆಗೆ ಲೀವು. ಲೀವು ಮಕ್ಕಳಿಗೆ. ಅವರ ತಂದೆತಾಯಿಗೆ ಅದು ಡಬಲ್ ಡ್ಯೂಟಿ.

ಈ ಸಲ ದರ್ಶಿನಿಯ ಟೀಚರು ಒಂದು ಕೆಲಸ ಕೊಟ್ಟು ಕಳಿಸಿದ್ದರು. ಲೀವಿನಲ್ಲಿ ನೋಡಿದ ಒಂದು ಜಾಗದ ಬಗ್ಗೆ ಹತ್ತು ಸಾಲು ಬರೆಯಬೇಕು. ಅದನ್ನು ಕೇಳಿದ್ದೇ ತಡ, ನಾನು ಉದಾರವಾಗಿ, ‘ಡ್ಯಾಮಿಗೆ ಹೋಗಾಣ ಕಣಮ್ಮ, ಲೀವು ಬುಟ್ಟ ಮೊದಲನೇ ಭಾನುವಾರ’ ಎಂದುಬಿಟ್ಟೆ. ಊಟಕ್ಕೆ ಕೂತಿದ್ದೆ, ಹಿತಕಿದ ಬೇಳೆ ಸಾರಿತ್ತು, ಆ ಸ್ಥಿತಿಯಲ್ಲಿ ಯಾವ ತಂದೆಯಾದರೂ ಸಮುದ್ರವನ್ನೇ ತೋರಿಸುತ್ತೇನೆ ಎನ್ನುತ್ತಾನೆ. ಮಗಳು ಕ್ಯಾಲೆಂಡರಿನಲ್ಲಿ ಆ ಭಾನುವಾರಕ್ಕೆ ಸುತ್ತು ಹಾಕಿದಳು. ಗುಂಡ ಅದೇ ಪೆನ್ನಿನಲ್ಲಿ ಉಳಿದ ಭಾನುವಾರಗಳಿಗೂ ಹಾಕಿದ.

ಶುಕ್ರವಾರ ಕಾರ್ಖಾನೆಯಲ್ಲಿ ಟೀ ಕುಡಿಯುವಾಗ ನಾಗೇಶ ಕೇಳಿದ, ‘ಭಾನುವಾರ ಡ್ಯಾಮ್ ಹತ್ರ ಹೋಗಿ ಮೀನು ತಿಂದ್ಬುಟ್ಟು ಬರಾಣೇನ್ಲಾ? ನಾಕೇ ಜನ. ಫ್ಯಾಮಿಲಿ ಪ್ಯಾಮಿಲಿ ಬ್ಯಾಡ ಮತ್ತೆ.’

ನಾನು ತಕ್ಷಣ ಒಪ್ಪಿದೆ. ಯೋಚಿಸಿ ಒಪ್ಪಿದ್ದರೆ ಇಷ್ಟು ನಾಚಿಕೆಯಿರುತ್ತಿರಲಿಲ್ಲವೇನೋ. ಒಪ್ಪಿದ ಮೇಲೆ ಮಕ್ಕಳ ನೆನಪಾಯಿತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವುದೆಂದರೆ ಸ್ವೆಟರು, ಟೋಪಿ, ನೀರಿನ ಬಾಟಲಿ, ಗುಂಡನಿಗೆ ಇನ್ನೊಂದು ಚಡ್ಡಿ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಯುದ್ಧ. ನನಗೆ ಬೇಕಾಗಿದ್ದದ್ದು ಮೀನು ಮಾತ್ರವಲ್ಲ. ಒಂದು ದಿನ, ಒಂದೇ ಒಂದು ದಿನ, ಯಾರೂ ನನ್ನನ್ನು ‘ಅಪ್ಪಾ’ ಎಂದು ಕೂಗದ ಕಡೆ ನಿಲ್ಲಬೇಕಾಗಿತ್ತು. ಇದನ್ನು ಮನೆಯಲ್ಲಿ ನೇರವಾಗಿ ಹೇಳಿದ್ದರೆ ಮಂಜುಳ ಎರಡು ಮಾತು ಬೈದು, ಹೋಗು ಅನ್ನುತ್ತಿದ್ದಳು. ಅವಳಿಗೂ ಅಂಥ ದಿನ ಬೇಕಾಗಿರಬಹುದು ಎಂಬುದು ನನಗೆ ಹೊಳೆದದ್ದು ಆಮೇಲೆ, ಬಹಳ ಆಮೇಲೆ. ಆಗ ಹೊಳೆದದ್ದು ಸುಳ್ಳು.

ಸುಳ್ಳಿಗೆ ನಮ್ಮ ಭಾಷೆಯಲ್ಲಿ ಎಷ್ಟು ಹೆಸರು ನೋಡಿ. ಬುರುಡೆ, ಬೊಗಳೆ, ಬಂಡಲು, ಕಾಗೆ ಹಾರಿಸುವುದು, ರೈಲು ಬಿಡುವುದು. ತಮಿಳಿನವರು ಪೊಯ್ ಎನ್ನುತ್ತಾರೆ. ನಮ್ಮ ಹಳಗನ್ನಡದವರು ಪುಸಿ ಎನ್ನುತ್ತಿದ್ದರು. ಎರಡೂ ಒಂದೇ ತಾಯಿಯ ಮಕ್ಕಳು ಎಂದು ಬಲ್ಲವರು ಹೇಳುತ್ತಾರೆ. ಭಾಷೆ ಬೇರೆಯಾಗಿ, ಗಡಿ ಬಿದ್ದು, ಬಸ್ಸಿನ ಬೋರ್ಡು ಬದಲಾದ ಮೇಲೂ ಎರಡು ಕಡೆಯವರೂ ಜೋಪಾನವಾಗಿ ಉಳಿಸಿಕೊಂಡ ಪದಗಳಲ್ಲಿ ಸುಳ್ಳೂ ಒಂದು ಎಂದರೆ ಅದರ ಅಗತ್ಯ ಎಷ್ಟಿರಬೇಕು! ನನ್ನ ಅನುಭವದಲ್ಲಿ ದೊಡ್ಡವರಿಗೆ ಹೇಳುವ ಸುಳ್ಳಿಗೆ ಬುದ್ಧಿ ಬೇಕು, ಮಕ್ಕಳಿಗೆ ಹೇಳುವುದಕ್ಕೆ ಧೈರ್ಯ ಸಾಕು. ಅವರು ನಂಬಲೆಂದೇ ಬಾಯಿ ತೆರೆದುಕೊಂಡು ಕೂತಿರುತ್ತಾರೆ. ಮಂಜುಳಗೆ ಭಾನುವಾರ ಓಟಿ, ಹೆಚ್ಚುವರಿ ಡ್ಯೂಟಿ ಇದೆ ಎಂದೆ. ಮಕ್ಕಳಿಗೆ ಅದು ಸಾಲದು, ಮುಂದಿನ ದಿನ ಹೋಗೋಣ ಎನ್ನುತ್ತಾರೆ. ಅವರಿಗೆ ಬೇರೆಯೇ ಒಂದನ್ನು ತಯಾರಿಸಿದೆ.

‘ನಾಳಿದ್ದು ಡ್ಯಾಮಿಗೆ ಹೋಗಂಗಿಲ್ಲ ಕಣಮ್ಮ. ಡ್ಯಾಮಿಗೆ ರಜ ಬುಟ್ಟವ್ರೆ.’

‘ಡ್ಯಾಮಿಗೂ ಲೀವಾ?’ ದರ್ಶಿನಿ ಕಣ್ಣರಳಿಸಿದಳು.

‘ಹೂಂ ಮತ್ತೆ. ನಿಮ್ಗೆ ಬುಟ್ಟಂಗೆ ಅದ್ಕೂ ಅರೆಯಾಂಡು ಲೀವು. ಚಳಿಗೆ ನೀರು ಮಲ್ಕಂತದೆ. ಗೇಟು ಹಾಕ್ಬುಡ್ತಾರೆ.’

‘ಮೀನು?’ ಗುಂಡ ಕೇಳಿದ.

‘ಮೀನೂ ಮಲ್ಕಂತವೆ.’

ಗುಂಡನಿಗೆ ಇದು ಬಹಳ ನ್ಯಾಯವಾಗಿ ಕಂಡಿತು. ದರ್ಶಿನಿ ಸ್ವಲ್ಪ ಹೊತ್ತು ಸಪ್ಪೆ ಮುಖ ಮಾಡಿ, ಆಮೇಲೆ ಎದ್ದು ಹೋಗಿ ನೋಟ್‌ಬುಕ್ ತೆಗೆದಳು. ಹತ್ತು ಸಾಲಿನ ಮೊದಲನೇ ಸಾಲನ್ನು ತಮಿಳಿನಲ್ಲಿ ದುಂಡಗೆ ಬರೆದು ನನಗೆ ತೋರಿಸಿದಳು: ಚಳಿಗಾಲದಲ್ಲಿ ಅಣೆಕಟ್ಟು ನಿದ್ದೆ ಮಾಡುತ್ತದೆ. ‘ಸರಿ ಐತಾ ಅಪ್ಪ?’ ಎಂದಳು. ಕೂದಲೆಳೆ ತಪ್ಪನ್ನೂ ಬಿಡದ ನಾನು, ‘ಸರಿ ಐತೆ’ ಎಂದೆ.

ಭಾನುವಾರ ನಾಲ್ಕು ಜನ, ಎರಡು ಬೈಕು. ಶೂಲಗಿರಿ ದಾಟುವವರೆಗೂ ಮಂಜು, ಆಮೇಲೆ ಎಳೆ ಬಿಸಿಲು. ಡ್ಯಾಮಿನ ಹತ್ತಿರ ಸಾಲಾಗಿ ಮೀನಂಗಡಿಗಳು. ಕೆಂಪು ಮಸಾಲೆ ಮೆತ್ತಿದ ಮೀನು ಎಣ್ಣೆಯಲ್ಲಿ ಚುರುಗುಟ್ಟುವ ಸದ್ದಿಗೆ ನನ್ನ ಮನಸ್ಸು ಎಲ್ಲ ಸಂಬಂಧಗಳನ್ನೂ ಕಳಚಿಕೊಂಡು ಸಂನ್ಯಾಸಿಯಂತೆ ಹಗುರವಾಗಿತ್ತು. ಮೂರನೇ ಮೀನು ಕೈಯಲ್ಲಿತ್ತು. ಆಗ ಕೇಳಿಸಿತು.

‘ಅಂಕಲ್! ದರ್ಶಿನಿ ಎಲ್ಲಿ?’

ರಸ್ತೆಯ ಆಚೆ ಕಾವ್ಯ. ಹಳದಿ ಸ್ವೆಟರು, ಎರಡು ಜಡೆ, ಎತ್ತಿ ಬೀಸುತ್ತಿದ್ದ ಕೈ. ದೂರ ಎಂದರೆ ನಮ್ಮ ಎರಡು ಮನೆಗಳ ಅಂತರಕ್ಕಿಂತ ಸ್ವಲ್ಪ ಹೆಚ್ಚು. ಅವಳ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ, ಪರ ಊರಿನಲ್ಲಿ ತನ್ನವರು ಸಿಕ್ಕರು ಎಂಬ ಸಂತೋಷ. ನಾನು ಏನು ಮಾಡಿದೆ ಗೊತ್ತೇ? ನಾಗೇಶನ ಹಿಂದಕ್ಕೆ ಸರಿದೆ. ನಾಗೇಶನ ಬೆನ್ನು ನಮ್ಮ ಕಾರ್ಖಾನೆಯಲ್ಲೇ ಅಗಲವಾದದ್ದು. ಅದರ ಮರೆಯಲ್ಲಿ ಮೀನು ಹಿಡಿದುಕೊಂಡು, ಕೇಳಿಸದವನಂತೆ ನೀರಿನ ಕಡೆ ನೋಡುತ್ತ ನಿಂತೆ. ಅವಳು ಇನ್ನೂ ಎರಡು ಸಲ ಕೂಗಿದಳು. ಒಮ್ಮೆ ಬಗ್ಗಿ ನೋಡಿದಾಗ ಕಾವ್ಯಳ ಹಿಂದೆ ಸೆಲ್ವಂ ನಿಂತಿದ್ದ. ನನ್ನನ್ನೇ ನೋಡುತ್ತಿದ್ದ. ಒಂದು ಕ್ಷಣ ಅಷ್ಟೆ. ಆಮೇಲೆ ಮಗಳ ಹೆಗಲು ಹಿಡಿದು ಪಾರ್ಕಿನ ಕಡೆಗೆ ತಿರುಗಿಸಿ ನಡೆಸಿಕೊಂಡು ಹೋದ. ವಸಂತಿ ಒಳಗೆಲ್ಲೋ ಇದ್ದಳೆಂದು ಕಾಣುತ್ತದೆ. ಮೂರನೇ ಮೀನಿನ ರುಚಿ ನನಗೆ ನೆನಪಿಲ್ಲ. ತಿಂದದ್ದು ಮಾತ್ರ ನಿಜ.

ಸಂಜೆ ಡ್ಯೂಟಿಯಿಂದ ಬಂದವನ ಮುಖ ಹೊತ್ತುಕೊಂಡು ಮನೆಗೆ ಬಂದೆ. ನನ್ನ ಹುಟ್ಟೂರು ರಾಯಕೋಟೆ ಹತ್ತಿರ. ಅಲ್ಲಿಂದ ಅಮ್ಮ ಬಸ್ಸಿನಲ್ಲಿ ಒಂದು ಚೀಲ ಅವರೆಕಾಯಿ ಹಾಕಿ ಕಳಿಸಿದ್ದಳು. ಮಂಜುಳ ಮಕ್ಕಳನ್ನು ಕೂರಿಸಿಕೊಂಡು ಬಿಡಿಸುತ್ತಿದ್ದಳು. ನಾನು ಮಾತಾಡದೆ ಅವರ ಪಕ್ಕ ಕೂತು ಬಿಡಿಸತೊಡಗಿದೆ. ಅವರೆಯ ಸೊಗಡು ಬೆರಳಿಗೆ ಹತ್ತಿದರೆ ಯಾವ ಮೀನಿನ ವಾಸನೆಯೂ ನಿಲ್ಲುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಮಂಜುಳ ಒಮ್ಮೆ ನನ್ನ ಮುಖ ನೋಡಿ, ‘ಸುಸ್ತಾಗಿದ್ದೀರೇನೋ’ ಎಂದಳು. ಆ ಬಹುವಚನವನ್ನು ನಾನು ಗಮನಿಸಬೇಕಾಗಿತ್ತು.

ಮರುದಿನ ಮೊದಲನೇ ಶಿಫ್ಟು ಮುಗಿಸಿ ನಾನು ಬರುವಷ್ಟರಲ್ಲಿ ಬೀದಿಯಲ್ಲಿ ಗಲಾಟೆ. ನಮ್ಮ ಗೇಟಿನ ಮುಂದೆ ಏಳೆಂಟು ಮಕ್ಕಳು ಸುತ್ತ ನಿಂತು ‘ಪೊಯ್! ಪೊಯ್!’ ಎಂದು ಕೂಗುತ್ತಿದ್ದವು. ನಡುವೆ ಕಾವ್ಯ ಬಿಚ್ಚಿಹೋದ ಒಂದು ಜಡೆ ಹಿಡಿದುಕೊಂಡು ಬಿಕ್ಕುತ್ತಿದ್ದಳು. ಎಳೆದವಳು ನನ್ನ ಮಗಳು. ಅವಳ ಕೈಯಲ್ಲಿ ಇನ್ನೂ ರಿಬ್ಬನ್ನಿತ್ತು. ಇಬ್ಬರು ತಾಯಂದಿರೂ ಹೊರಗೆ ಬಂದಿದ್ದರು. ಸೆಲ್ವಂ ಕೂಡ ಆಗಷ್ಟೇ ಬಂದು ಬೈಕಿಗೆ ಸ್ಟ್ಯಾಂಡು ಹಾಕುತ್ತಿದ್ದ.

‘ನೋಡಿ ಅಣ್ಣ,’ ಎಂದಳು ವಸಂತಿ, ‘ನಿಮ್ ಮಗಳು ಡ್ಯಾಮಿಗೆ ಲೀವು ಅಂತಾಳೆ! ನಾವು ನಿನ್ನೆ ತಾನೆ ಹೋಗಿ ಬಂದ್ವಿ.’

ಎಲ್ಲರೂ ನಕ್ಕರು. ನಾನೂ ನಕ್ಕೆ. ‘ಯಾರೋ ಹಂಗಂದ್ರು... ಗೇಟು ತೆಗ್ದಿದ್ರೇನೋ ಬುಡಿ’ ಎಂದೆ. ಮೊದಲನೇ ಸುಳ್ಳು ಇಷ್ಟು ಸುಲಭವಾಗಿ ಕರಗಿತಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಕಾವ್ಯ ಮೂಗೊರೆಸಿಕೊಂಡು, ‘ಅಂಕಲೂ ಅಲ್ಲಿದ್ರು. ಮೀನು ತಿಂತಿದ್ರು. ನಾನು ಕೂಗ್ದೆ’ ಎಂದಳು.

‘ಇಲ್ಲ!’ ದರ್ಶಿನಿ ಚೀರಿದಳು. ‘ನಮ್ಮಪ್ಪ ಡ್ಯೂಟಿಗೆ ಹೋಗಿತ್ತು. ಓಟಿ! ಇವಳು ಬರೀ ಸುಳ್ಳೇಳ್ತಾಳೆ.’ ಹೇಳುತ್ತ ಬಂದು ನನ್ನ ಪ್ಯಾಂಟು ಹಿಡಿದು ನಿಂತು ಮುಖ ಎತ್ತಿದಳು. ‘ಅಲ್ವಾ ಅಪ್ಪಾ?’

ನಾನು ಅವಳ ಕೈಯಲ್ಲಿದ್ದ ರಿಬ್ಬನ್ನನ್ನು ನೋಡಿದೆ. ಸೆಲ್ವಂ ನನ್ನ ಮುಖ ನೋಡಿದ, ನನ್ನ ಮಗಳ ಮುಖ ನೋಡಿದ. ಆಮೇಲೆ ಬಂದು ತನ್ನ ಮಗಳ ತಲೆಯ ಮೇಲೆ ಕೈಯಿಟ್ಟು, ‘ಅದು ಬೇರೆ ಯಾರೋ ಕಣಮ್ಮ. ಅಂಕಲ್ ತರಾನೇ ಸ್ವೆಟರ್ ಹಾಕಿದ್ರು. ನಾನೂ ನೋಡ್ದೆ. ಸಾರಿ ಹೇಳು ಅಂಕಲ್‌ಗೆ’ ಎಂದ.

ಕಾವ್ಯ ಅಪ್ಪನನ್ನು ನೋಡಿದಳು. ನನ್ನನ್ನು ನೋಡಿದಳು. ತಪ್ಪು ಮಾಡಿದವರು ಹೀಗೆ ನೋಡುವುದಿಲ್ಲ. ಲೆಕ್ಕ ಸರಿಯಾಗಿ ಮಾಡಿದ್ದರೂ ಉತ್ತರ ತಪ್ಪು ಎಂದು ಟೀಚರು ಹೇಳಿದಾಗ ಮಕ್ಕಳು ಪುಸ್ತಕವನ್ನು ನೋಡುತ್ತಾರಲ್ಲ, ಹಾಗೆ ನೋಡಿದಳು.

‘ಸಾರಿ ಅಂಕಲ್. ನಾನು ತಪ್ಪಾಗಿ ನೋಡ್ಬಿಟ್ಟೆ.’

‘ಪರ್ವಾಗಿಲ್ಲ ಬುಡಮ್ಮ’ ಎಂದೆ.

ಪರವಾಗಿಲ್ಲ! ನಾನು ಆ ಮಗುವನ್ನು ಕ್ಷಮಿಸಿದೆ. ನಿಜ ಹೇಳಿದ ತಪ್ಪಿಗೆ, ಬೀದಿಯ ಎದುರು, ದೊಡ್ಡ ಮನಸ್ಸು ಮಾಡಿ, ನಾನು ಅವಳನ್ನು ಕ್ಷಮಿಸಿದೆ. ವಸಂತಿ ಕೂಡ, ‘ಅಣ್ಣ ಒಳ್ಳೆಯವರು, ಬೇರೆಯವರಾಗಿದ್ರೆ ಬಯ್ತಿದ್ರು’ ಎಂದಳು. ದರ್ಶಿನಿ ಗೆದ್ದವಳಂತೆ ರಿಬ್ಬನ್ನನ್ನು ಗೇಟಿನ ಮೇಲೆ ಹಾಕಿ ಒಳಗೆ ಹೋದಳು.

ಆಮೇಲೆ ಹುಡುಗಿಯರು ಮಾತು ಬಿಟ್ಟರು. ಹೊಸ ವರ್ಷ ಬಂತು. ವಸಂತಿ ಎಂದಿನಂತೆ ಕೇಕಿನ ತುಂಡುಗಳನ್ನು ತಟ್ಟೆಯಲ್ಲಿಟ್ಟು ತಂದುಕೊಟ್ಟಳು. ನನ್ನ ಪಾಲನ್ನು ಗುಂಡನಿಗೆ ಕೊಟ್ಟೆ. ಸೆಲ್ವಂ ಎದುರಿಗೆ ಸಿಕ್ಕಾಗ ನಾನು ಬೈಕಿನ ಚೈನು ನೋಡುತ್ತಿದ್ದೆ. ಚೈನಿಗೆ ಏನೂ ಆಗಿರಲಿಲ್ಲ. ಶಾಲೆ ತೆರೆಯಿತು. ಮರೆತುಹೋಗುತ್ತದೆ, ಮಕ್ಕಳಲ್ಲವೇ, ಎಂದು ನನಗೆ ನಾನೇ ಹೇಳಿಕೊಂಡೆ. ನಮಗೆ ಅನುಕೂಲವಾದಾಗ ಮಕ್ಕಳಿಗೆ ಮರೆವು ಜಾಸ್ತಿ ಎಂದು ನಂಬುತ್ತೇವೆ. ಸಮುದ್ರ ತೋರಿಸುತ್ತೇನೆಂದು ಎರಡು ವರ್ಷದ ಹಿಂದೆ ಹೇಳಿದ್ದನ್ನು ಅವರು ದಿನಾಂಕ ಸಮೇತ ಹೇಳುವಾಗ ಮಾತ್ರ ಆಶ್ಚರ್ಯಪಡುತ್ತೇವೆ.

ಒಂದು ಶನಿವಾರ ಮಧ್ಯಾಹ್ನ ವಸಂತಿ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಕಾವ್ಯಳ ಶಾಲೆಯ ಡೈರಿ.

‘ಅಕ್ಕ, ಇವಳಿಗೆ ಕಣ್ಣು ಸರಿ ಇಲ್ವೇನೋ. ಬೋರ್ಡ್ ಮೇಲೆ ಬರ್ದಿದ್ದು ಬರ್ಕೊಳಲ್ಲ ಅಂತೆ. ಯಾಕೆ ಅಂದ್ರೆ, ನಾನು ನೋಡಿದ್ದು ತಪ್ಪಿರುತ್ತೆ ಮಿಸ್ ಅಂತಾಳಂತೆ. ಕಣ್ಣು ತೋರ್ಸಿ ಅಂತ ಬರ್ದು ಕಳ್ಸಿದಾರೆ. ನಮ್ ಮನೆಯವ್ರು ಸೆಕೆಂಡ್ ಶಿಫ್ಟು. ಹೊಸೂರಲ್ಲಿ ಯಾವ ಅಂಗಡಿ ಒಳ್ಳೇದು?’

ನಾನು ಒಳಗೆ ಮಂಚದ ಮೇಲೆ ಕೂತು ಗುಂಡನ ಶೂ ಲೇಸು ಕಟ್ಟುತ್ತಿದ್ದೆ. ಮಂಜುಳ ಬಾಗಿಲಿಂದಲೇ ನನ್ನ ಕಡೆ ತಿರುಗಿದಳು. ಧ್ವನಿ ಏರಲಿಲ್ಲ.

‘ನೀವೇ ಕರ್ಕೊಂಡು ಹೋಗಿ ಬನ್ನಿ. ದರ್ಶಿನೀನೂ ಕರ್ಕೊಂಡು ಹೋಗಿ.’

ಒಂದೇ ಉಸಿರಿನಲ್ಲಿ ಮೂರು ಬಹುವಚನ. ಇವಳಿಗೆ ಗೊತ್ತಿದೆ ಎಂದು ಆಗ ತಿಳಿಯಿತು. (ಹೇಗೆ ಎಂದು ಆಮೇಲೆ ಕೇಳಿದೆ. ‘ಮದುವೆಯಾಗಿ ಹತ್ತು ವರ್ಷ. ಒಂದು ದಿನ ಅವರೆಕಾಯಿ ಬಿಡ್ಸಕ್ಕೆ ನೀವಾಗೇ ಕೂತಿದ್ದುಂಟಾ?’ ಎಂದಳು. ತಪಾಸಣೆಯ ಕೆಲಸ ಅವಳಿಗೆ ಕೊಡಬೇಕಿತ್ತು.)

ಆಟೋದಲ್ಲಿ ವಸಂತಿಯ ಒಂದು ಪಕ್ಕ ಕಾವ್ಯ, ಇನ್ನೊಂದು ಪಕ್ಕ ದರ್ಶಿನಿ. ಇಬ್ಬರೂ ಬೇರೆ ಬೇರೆ ರಸ್ತೆಗಳಲ್ಲಿ ಹೋಗುವವರಂತೆ ಎರಡು ಕಡೆಗೆ ಮುಖ ತಿರುಗಿಸಿ ಕೂತಿದ್ದರು. ನಾನು ಡ್ರೈವರನ ಪಕ್ಕ ಅರ್ಧ ಸೀಟಿನಲ್ಲಿ. ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಕನ್ನಡಕದಂಗಡಿ. ಕಣ್ಣು ನೋಡುವ ಹುಡುಗಿ ಕಾವ್ಯಳನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಅಕ್ಷರ ಓದು ಎಂದಳು.

ಕಾವ್ಯ ಓದಿದಳು. ದೊಡ್ಡ ಅಕ್ಷರ, ಚಿಕ್ಕ ಅಕ್ಷರ, ಇರುವೆ ಸಾಲಿನಂಥ ಕೊನೆಯ ಸಾಲು. ಪ್ರತಿ ಅಕ್ಷರ ಹೇಳಿ ‘ಸರಿನಾ?’ ಎಂದು ಕೇಳುತ್ತಿದ್ದಳು. ಅದನ್ನು ಕೇಳುವುದು ನನಗೆ ಕಷ್ಟವಾಗಿತ್ತು. ಆ ಮಗು ಮೊದಲು ಹಾಗೆ ಕೇಳುತ್ತಿರಲಿಲ್ಲ. ಆಕಾಶದಲ್ಲಿ ಹೋಗುವುದು ಹದ್ದೋ ಕಾಗೆಯೋ ಎಂದು ಬೀದಿಯ ಮಕ್ಕಳು ಜಗಳವಾಡಿದರೆ ಅವಳು ಹೇಳಿದ್ದೇ ತೀರ್ಪು.

‘ಕಣ್ಣು ಚೆನ್ನಾಗಿದೆ. ನನಗಿಂತ ಚೆನ್ನಾಗಿದೆ’ ಎಂದಳು ಹುಡುಗಿ ನಗುತ್ತ. ‘ಯಾಕಮ್ಮ ಡೌಟು?’

ಕಾವ್ಯ ಸ್ವಲ್ಪ ಯೋಚಿಸಿ ಹೇಳಿದಳು, ‘ನಾನು ಡ್ಯಾಮಲ್ಲಿ ಅಂಕಲ್‌ನ ನೋಡ್ದೆ. ಆದ್ರೆ ಅಂಕಲ್ ಅಲ್ಲಿ ಇರ್ಲಿಲ್ಲ.’

ದೂರು ಇರಲಿಲ್ಲ ಆ ಮಾತಿನಲ್ಲಿ. ಜ್ವರ ಬಂದಿದೆ ಎಂದು ಡಾಕ್ಟರಿಗೆ ಹೇಳುವ ಹಾಗೆ ಹೇಳಿದಳು. ಆ ಹುಡುಗಿ ಮತ್ತೆ ನಕ್ಕಳು. ವಸಂತಿಯೂ ನಕ್ಕಳು.

‘ಇದ್ದೆ’ ಎಂದೆ.

ಯಾರಿಗೂ ಕೇಳಿಸಲಿಲ್ಲವೇನೋ. ಕುರ್ಚಿಯ ಹತ್ತಿರ ಹೋಗಿ ಇನ್ನೊಮ್ಮೆ ಹೇಳಿದೆ. ‘ಇದ್ದೆ ಕಣಮ್ಮ. ನಾನೇ ಅದು. ನೀನು ಕೂಗಿದ್ದು ಕೇಳಿಸ್ತು. ಕೇಳಿಸದಂಗೆ ನಿಂತ್ಕಂಡಿದ್ದೆ. ನಿನ್ ಕಣ್ಣು ಸರ್ಯಾಗೇ ಐತೆ.’

ವಸಂತಿಯ ನಗು ಮುಖದ ಮೇಲೆಯೇ ಉಳಿದು, ನಿಧಾನವಾಗಿ ಆರಿತು. ಕಾವ್ಯ ಕುರ್ಚಿಯ ಮೇಲಿಂದ ನನ್ನನ್ನು ನೋಡುತ್ತಲೇ ಇದ್ದಳು, ಮುಚ್ಚಿದ ಕಣ್ಣಿನ ಮೇಲಿನ ಕೈಯನ್ನು ತೆಗೆದಿರಲಿಲ್ಲ. ಮೊದಲು ಮಾತಾಡಿದವಳು ದರ್ಶಿನಿ.

‘ಮೀನು ತಿಂದ್ಯಾ?’

‘ತಿಂದೆ.’

‘ಎಷ್ಟು?’

‘ಮೂರು.’

ಅವಳು ಅಳುತ್ತಾಳೆ, ನನ್ನನ್ನು ಬಯ್ಯುತ್ತಾಳೆ, ನಮಗೆ ಯಾಕೆ ತರಲಿಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಅದಕ್ಕೆಲ್ಲ ನನ್ನ ಬಳಿ ಸಮಾಧಾನವಿತ್ತು. ಅವಳು ಅಂದದ್ದು ಬೇರೆ. ಕೆಳಗೆ ನೋಡುತ್ತ, ಬಹಳ ಮೆಲ್ಲಗೆ, ‘ನಾನು ಅವಳ ಜಡೆ ಎಳ್ದೆ ಅಪ್ಪ’ ಎಂದಳು.

ಅಷ್ಟೇ. ನನ್ನ ನಾಚಿಕೆ ನನ್ನದು ಮಾತ್ರ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಎಂಟು ವರ್ಷದ ಮಗಳ ತಲೆ ಮೇಲೂ ಅದರಲ್ಲಿ ಒಂದು ಪಾಲು ಹೊರಿಸಿದ್ದೇನೆ ಎಂದು ಆ ಕನ್ನಡಕದಂಗಡಿಯಲ್ಲಿ ಗೊತ್ತಾಯಿತು. ಅವಳು ನನಗೋಸ್ಕರ ಹೊಡೆದಾಡಿದ್ದಳು. ಅಪ್ಪನನ್ನು ನಂಬಿದ್ದು ಬಿಟ್ಟು ಅವಳು ಬೇರೆ ಯಾವ ತಪ್ಪನ್ನೂ ಮಾಡಿರಲಿಲ್ಲ.

ವಸಂತಿ ಮಗಳನ್ನು ಕುರ್ಚಿಯಿಂದ ಇಳಿಸಿದಳು. ‘ನಾವು ಬಸ್ಸಲ್ಲಿ ಬರ್ತೀವಿ, ನೀವು ಹೊರಡಿ’ ಎಂದಳು. ‘ಅಣ್ಣ’ ಸೇರಿಸಲಿಲ್ಲ. ಮಾರ್ಗಳಿ, ಅಂದರೆ ನಮ್ಮ ಧನುರ್ಮಾಸ, ಪೂರ್ತಿ ಅವಳು ತಮ್ಮ ಬಾಗಿಲಿಗೆ ದೊಡ್ಡ ಕೋಲಂ ಹಾಕಿದ ಮೇಲೆ, ಮಿಕ್ಕ ಪುಡಿಯಲ್ಲಿ ನಮ್ಮ ಗೇಟಿನ ಮುಂದೆಯೂ ಒಂದು ಸಣ್ಣ ರಂಗೋಲಿ ಎಳೆಯುತ್ತಿದ್ದಳು. ಮರುದಿನ ಬೆಳಗ್ಗೆ ಎದ್ದು ನೋಡಿದರೆ ನಮ್ಮ ಗೇಟಿನ ಮುಂದೆ ನೀರು ಚಿಮುಕಿಸಿದ ನೆಲ ಕೂಡ ಇರಲಿಲ್ಲ. ಮಂಜುಳ ಪೊರಕೆ ತಂದು ತಾನೇ ಗುಡಿಸಿದಳು. ನನಗೆ ಏನೂ ಹೇಳಲಿಲ್ಲ, ಏಕವಚನದಲ್ಲೂ ಇಲ್ಲ, ಬಹುವಚನದಲ್ಲೂ ಇಲ್ಲ.

ಅಂದು ಭಾನುವಾರ. ಸೆಲ್ವಂ ಮನೆಯಲ್ಲಿದ್ದ. ನಾನು ಹೋದೆ. ಚಾಪೆ ಹಾಸಿ ಕೂರಿಸಿದ, ಟೀ ಕೊಡಿಸಿದ. ಅವನು ಬಯ್ದಿದ್ದರೆ ಚೆನ್ನಾಗಿತ್ತು.

‘ಯಾಕೆ ಸೆಲ್ವಂ ಹಂಗೆ ಹೇಳ್ದೆ ಅವತ್ತು? ನಂಗೋಸ್ಕರ ನಿನ್ ಮಗಳ ಕೈಲಿ...’

ಅವನು ಟೀ ಲೋಟವನ್ನು ಸುತ್ತಿಸುತ್ತ ಕೂತಿದ್ದ. ‘ನಿಮಗೋಸ್ಕರ ಅಲ್ಲ ಅಣ್ಣ. ನಿಮ್ ಮಗಳು ನಿಮ್ಮ ಮುಖ ನೋಡ್ತಿದ್ಲಲ್ಲ, ಅದಕ್ಕೆ. ನನ್ ಮಗಳು ನಾಳೆ ಮರ್ತೋಗ್ತಾಳೆ ಅಂದ್ಕೊಂಡೆ.’ ಆಮೇಲೆ ಸೇರಿಸಿದ, ‘ಅವಳು ಮರೀಲಿಲ್ಲ. ತನ್ ಕಣ್ಣನ್ನೇ ನಂಬದ ಹಾಗಾದ್ಲು. ನಿನ್ನೆಯಿಂದ ನನ್ ಹತ್ರ ಮಾತಾಡಿಲ್ಲ. ನಂದೂ ತಪ್ಪೇ.’

ಇಬ್ಬರು ತಂದೆಯರು ಎರಡು ಲೋಟ ಟೀ ಹಿಡಿದುಕೊಂಡು ನೆಲ ನೋಡುತ್ತ ಕೂತಿದ್ದೆವು. ಒಬ್ಬ ದುರಾಸೆಯಿಂದ ಕೆಟ್ಟಿದ್ದ, ಇನ್ನೊಬ್ಬ ಒಳ್ಳೆಯತನದಿಂದ. ಬಾಗಿಲ ಪರದೆಯ ಹಿಂದೆ ಎರಡು ಪುಟ್ಟ ಪಾದ ಕಾಣುತ್ತಿದ್ದವು.

‘ಕಾವ್ಯಾ, ಬಾಮ್ಮ’ ಎಂದೆ. ಪಾದಗಳು ಕದಲಲಿಲ್ಲ. ಪರದೆಗೇ ಹೇಳಿದೆ, ‘ತಪ್ಪಾಯ್ತಮ್ಮ. ಅಂಕಲ್‌ನ ಕ್ಷಮ್ಸು.’

ಪರದೆ ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಮಾತಾಡಿತು. ‘ಇಲ್ಲಿ ಬೇಡ. ಹೊರಗಡೆ. ಎಲ್ರೂ ಇರ್ಬೇಕು.’

ವಸಂತಿ ಅಡುಗೆಮನೆಯಿಂದ ‘ಏಯ್!’ ಎಂದಳು. ಸೆಲ್ವಂ ಕೈಯೆತ್ತಿ ಅವಳನ್ನು ಸುಮ್ಮನಿರಿಸಿದ. ನನಗೂ ಅನ್ನಿಸಿತು, ಈ ಮನೆಯಲ್ಲಿ ನ್ಯಾಯ ತಿಳಿದವರು ಪರದೆಯ ಹಿಂದೆ ನಿಂತಿದ್ದಾರೆ. ಬೀದಿಯಲ್ಲಿ ಮಾಡಿದ ಅವಮಾನಕ್ಕೆ ಚಾಪೆಯ ಮೇಲೆ ಟೀ ಕುಡಿಯುತ್ತ ಕ್ಷಮೆ ಕೇಳುವುದು ದೊಡ್ಡವರ ಪದ್ಧತಿ.

ಬೀದಿಯ ಮಕ್ಕಳನ್ನು ಸೇರಿಸಲು ನಾನು ಕಷ್ಟಪಡಬೇಕಾಗಲಿಲ್ಲ. ಕಾವ್ಯಳೇ ಹೋಗಿ ಕರೆತಂದಳು. ಏಳೆಂಟು ಮಕ್ಕಳು ಮಂಕಿ ಕ್ಯಾಪು ಹಾಕಿಕೊಂಡು ನಮ್ಮ ಗೇಟಿನ ಮುಂದೆ ನಿಂತವು. ದೊಡ್ಡವರು ಕರೆಯದೆಯೇ ಬಂದರು. ಎದುರು ಮನೆಯ ಅಜ್ಜಿ ಬಿಸಿಲಿಗೆ ಹಾಕಿದ್ದ ಕುರ್ಚಿಯನ್ನು ಈ ಕಡೆಗೆ ತಿರುಗಿಸಿಕೊಂಡರು. ಮಂಜುಳ ಬಾಗಿಲಲ್ಲಿ. ದರ್ಶಿನಿ ಅವಳ ಸೆರಗಿನ ಹಿಂದೆ. ನಾನು ಹೇಳಿದೆ, ಮೊದಲು ಕನ್ನಡದಲ್ಲಿ, ಆಮೇಲೆ ತಮಿಳಿನಲ್ಲಿ. ಒಂದೇ ನಾಚಿಕೆಯನ್ನು ಎರಡು ಭಾಷೆಯಲ್ಲಿ ಪಡಬೇಕಾದ್ದು ಗಡಿಯೂರಿನ ಕಷ್ಟ.

‘ಅವತ್ತು ಕಾವ್ಯ ಹೇಳಿದ್ದು ನಿಜ. ನಾನು ಡ್ಯಾಮಲ್ಲಿದ್ದೆ. ಮೀನು ತಿಂತಿದ್ದೆ. ಅವಳು ಕರ್ದಾಗ ಬಚ್ಚಿಟ್ಕಂಡೆ. ಸುಳ್ಳು ಹೇಳಿದ್ದು ಅವಳಲ್ಲ, ನಾನು. ತಪ್ಪಾಯ್ತು ಕಾವ್ಯ.’

‘ಯಾಕೆ ಅಂಕಲ್?’ ಎಂದು ಒಬ್ಬ ಪುಟ್ಟ ಹುಡುಗಿ ಕೇಳಿದಳು. ಕುತೂಹಲ ಅಷ್ಟೆ. ಮೀನಿಗಾಗಿ ಎಂದರೆ ಮೀನಿಗೆ ಅನ್ಯಾಯ.

ಅಷ್ಟರಲ್ಲಿ ದರ್ಶಿನಿ ಸೆರಗು ಬಿಟ್ಟು ಮುಂದೆ ಬಂದಳು. ಕಾವ್ಯಳ ಎದುರು ನಿಂತು, ಬೆನ್ನು ತಿರುಗಿಸಿ, ತನ್ನ ಜಡೆಯನ್ನು ಹಿಂದಕ್ಕೆ ಹಾಕಿ ಕೊಟ್ಟಳು. ‘ಎಳ್ಕೋ’ ಎಂದಳು. ಕಾವ್ಯ ಜಡೆಯನ್ನು ಕೈಗೆ ತೆಗೆದುಕೊಂಡಳು. ನಾವೆಲ್ಲ ನೋಡುತ್ತಿದ್ದೆವು. ತೂಕ ನೋಡುವವಳಂತೆ ಸ್ವಲ್ಪ ಹೊತ್ತು ಹಿಡಿದಿದ್ದು, ಒಂದು ಸಲ, ಗಂಟೆ ಬಾರಿಸುವಷ್ಟು ಮೆತ್ತಗೆ ಎಳೆದಳು. ದರ್ಶಿನಿ ‘ಅಯ್ಯೋ’ ಎಂದು ಬೇಕೆಂದೇ ಜೋರಾಗಿ ಕೂಗಿದಳು. ಇಬ್ಬರೂ ನಕ್ಕರು. ಆಮೇಲೆ ಕಾವ್ಯ ನನ್ನ ಕಡೆ ತಿರುಗಿ, ‘ಸರಿ ಅಂಕಲ್’ ಎಂದಳು. ಮುಂದಿನ ಕ್ಷಣ ಬೀದಿಯ ಕೊನೆಯಲ್ಲಿ ಮಕ್ಕಳ ಹಿಂಡು. ಗೇಟಿನ ಮುಂದೆ ನಾನೊಬ್ಬನೇ.

ನಾನು ಕಡಿಮೆಯೆಂದರೂ ಒಂದು ತಿಂಗಳಿಗೆ ಆಗುವಷ್ಟು ನಾಚಿಕೆಯನ್ನು ಸಿದ್ಧ ಮಾಡಿಕೊಂಡು ಬಂದಿದ್ದೆ. ಮಕ್ಕಳು ಅದರಲ್ಲಿ ಎರಡು ನಿಮಿಷದ್ದನ್ನು ಬಳಸಿಕೊಂಡು, ಉಳಿದದ್ದನ್ನು ನನ್ನ ಕೈಯಲ್ಲೇ ಬಿಟ್ಟು ಆಡಲು ಓಡಿದರು. ಅದನ್ನು ಏನು ಮಾಡುವುದೆಂದು ಮೊದಲು ತೋಚಲಿಲ್ಲ. ಈಗ ಇಟ್ಟುಕೊಂಡಿದ್ದೇನೆ. ಹೊರಲು ಭಾರವೇನಿಲ್ಲ. ಮಕ್ಕಳು ಏನನ್ನಾದರೂ ಕೇಳಿ ಮುಖ ಎತ್ತಿದಾಗ ಅದು ಒಳಗಿನಿಂದ ಒಮ್ಮೆ ಕೆಮ್ಮುತ್ತದೆ. ಆಗ ನಾನು, ‘ಇವತ್ತು ನಂಗೆ ಬರಕ್ಕೆ ಮನಸ್ಸಿಲ್ಲ ಕಣಮ್ಮ’ ಎಂದು ನಿಜವನ್ನೇ ಹೇಳುತ್ತೇನೆ. ಅವರು ಒಂದು ಗಳಿಗೆ ಮುನಿಸಿಕೊಳ್ಳುತ್ತಾರೆ, ಅಷ್ಟೆ. ಇಷ್ಟು ಕಡಿಮೆಗೆ ಸಿಗುವ ಪದಾರ್ಥವನ್ನು ಬಿಟ್ಟು ಇಷ್ಟು ವರ್ಷ ಯಾಕೆ ಅಷ್ಟೆಲ್ಲ ಕಷ್ಟಪಟ್ಟು ಸುಳ್ಳು ಹೇಳುತ್ತಿದ್ದೆನೋ, ದೇವರಿಗೇ ಗೊತ್ತು.